ಬಲ್ಲೆನೆಂಬುದಕ್ಕೆ ಪ್ರಮಾಣವೇನು?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮೈಸೂರಿನಲ್ಲಿ ಪದವಿ ಮುಗಿಸಿ, ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಡುವ ವಿದ್ಯಾರ್ಥಿಯನ್ನು ಕಾಡುವ ಚಿಂತೆಗಳಲ್ಲಿ ಹಣದ್ದು ಒಂದಾದರೆ, ತನ್ನ ಇಂಗ್ಲಿಷ್ ಅಲ್ಲಿಗೆ ಸಾಕಾದೀತೇ ಎಂಬುದು ಇನ್ನೊಂದು. ಈ ಎರಡನೆಯದು ಮೇಲ್ನೋಟಕ್ಕೆ ಭಾಷಾಶಿಕ್ಷಣದ ಪ್ರಶ್ನೆಯಂತೆ ಕಂಡರೂ ಅದರೊಳಗೆ ಅಡಗಿರುವುದು ಜ್ಞಾನಮೀಮಾಂಸೆಯ, ಎಂದರೆ ಅರಿವಿನ ಸ್ವರೂಪವನ್ನು ವಿಚಾರಿಸುವ ಶಾಸ್ತ್ರದ, ಹಳೆಯ ಸಮಸ್ಯೆಯೇ ಆಗಿದೆ. ಒಬ್ಬನು ಒಂದನ್ನು ಬಲ್ಲನೆಂಬುದು ಅವನಿಗೇ ಗೊತ್ತಾಗುವುದು ಹೇಗೆ?

ಯಥಾರ್ಥ ಜ್ಞಾನಕ್ಕೆ ಸಾಧನವಾದುದನ್ನು ಭಾರತೀಯ ದರ್ಶನಗಳು ಪ್ರಮಾಣವೆಂದು ಕರೆಯುತ್ತವೆ. ತಿರುಮಕೂಡಲಿನಲ್ಲಿ ಕಾವೇರಿಯೂ ಕಪಿಲೆಯೂ ಕೂಡುವುದು ಕಣ್ಣಿಗೆ ಕಾಣುವುದರಿಂದ ಅದು ಪ್ರತ್ಯಕ್ಷ. ಗುಪ್ತವಾದ ಸ್ಫಟಿಕ ಸರೋವರವೂ ಅಲ್ಲಿಯೇ ಸೇರುತ್ತದೆಂದು ಭಕ್ತರು ನಂಬುವುದು ಪರಂಪರೆಯ ಮಾತಿನಿಂದಾದ್ದರಿಂದ ಅದು ಶಬ್ದ. ಹೊಳೆಯ ನೀರು ಕೆಂಪಾಗಿ ಏರಿದುದನ್ನು ಕಂಡು ಮೇಲಣ ಸೀಮೆಯಲ್ಲಿ ಮಳೆಯಾಗಿದೆಯೆಂದು ನಿರ್ಣಯಿಸುವುದು ಅನುಮಾನ. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ, ಹೇತುವಿನಿಂದ ಪಡೆದ ತಿಳಿವಳಿಕೆ. ವಿದ್ಯಾರ್ಥಿಯ ಇಂಗ್ಲಿಷನ್ನು ಕುರಿತು ಅಧ್ಯಾಪಕರು ಆಡುವ ಮೆಚ್ಚುಗೆ ಶಬ್ದಪ್ರಮಾಣವಾದರೆ, ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕಪತ್ರ ಅನುಮಾನದ ಗುಂಪಿಗೆ ಸೇರುತ್ತದೆ. ಆಲಿಸುವಿಕೆ, ಓದು, ಬರಹ, ಮಾತು ಎಂಬ ನಾಲ್ಕು ಭಾಗಗಳ ಈ ಪರೀಕ್ಷೆಯಲ್ಲಿ ಮಾತಿನ ಭಾಗ 11ರಿಂದ 14 ನಿಮಿಷಗಳದ್ದು. ಅಷ್ಟರಲ್ಲಿ ಕೇಳಿಸಿಕೊಂಡುದರಿಂದ ಮುಂದಿನ ಹಲವು ವರ್ಷಗಳ ಸಾಮರ್ಥ್ಯವನ್ನು ಊಹಿಸಲಾಗುತ್ತದೆ. ಅದರ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಮಾತ್ರ ಮಾನ್ಯ ಮಾಡುವುದೇ ಆ ಊಹೆಯ ಎಲ್ಲೆಯನ್ನು ತೋರಿಸುತ್ತದೆ.

ಜ್ಞಾನವೊಂದು ಸರಿಯಾದುದೆಂಬ ಗುಣಕ್ಕೆ ಪ್ರಾಮಾಣ್ಯವೆಂದು ಹೆಸರು. ನ್ಯಾಯದರ್ಶನದವರಾದ ನೈಯಾಯಿಕರ ಪ್ರಕಾರ ಪ್ರಾಮಾಣ್ಯವು ಪರತಃ, ಎಂದರೆ ಹೊರಗಿನ ಸಾಕ್ಷ್ಯದಿಂದ ತಿಳಿಯತಕ್ಕದ್ದು. ನೀರೆಂದು ಕಂಡದ್ದು ನೀರೇ ಹೌದೆಂಬುದು ಕುಡಿದು ದಾಹ ತೀರಿದ ಮೇಲೆ, ಎಂದರೆ ಪ್ರವೃತ್ತಿಯು ಸಫಲವಾದ ಮೇಲೆ, ಖಚಿತವಾಗುತ್ತದೆ. ಮೀಮಾಂಸಕರು ಮತ್ತು ವೇದಾಂತಿಗಳು ಪ್ರಾಮಾಣ್ಯವು ಸ್ವತಃಸಿದ್ಧವೆಂದೂ ದೋಷ ಕಂಡುಬಂದಾಗ ಮಾತ್ರ ಜ್ಞಾನವನ್ನು ತಳ್ಳಿಹಾಕಬೇಕೆಂದೂ ವಾದಿಸುತ್ತಾರೆ. ಈ ಚರ್ಚೆಯನ್ನು ಅತ್ಯಂತ ಸೂಕ್ಷ್ಮವಾಗಿ ನಡೆಸಿದವರಲ್ಲಿ ಒಬ್ಬರಾದ ವ್ಯಾಸತೀರ್ಥರು ಹುಟ್ಟಿದ್ದು ಇದೇ ತಿ. ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ ಎಂಬುದು ಗಮನಾರ್ಹ. ಅವರ ‘ತರ್ಕತಾಂಡವ’ವು ಗಂಗೇಶೋಪಾಧ್ಯಾಯರ ‘ತತ್ತ್ವಚಿಂತಾಮಣಿ’ಯಿಂದ ಬೆಳೆದ ನವ್ಯನ್ಯಾಯವನ್ನು ಅದರದೇ ಪರಿಭಾಷೆಯಲ್ಲಿ ಎದುರಿಸುವ ಗ್ರಂಥ.

ಪರತಃಪ್ರಾಮಾಣ್ಯದ ಮೇಲೆ ಸ್ವತಃಪ್ರಾಮಾಣ್ಯವಾದಿಗಳು ಹೊರಿಸುವ ಮುಖ್ಯ ದೋಷ ಅನವಸ್ಥೆ, ಎಂದರೆ ಕೊನೆಯಿಲ್ಲದೆ ಹಿಂದೆ ಸರಿಯುತ್ತ ಹೋಗುವಿಕೆ. ಒಂದು ಜ್ಞಾನವನ್ನು ಸ್ಥಿರಪಡಿಸಲು ಇನ್ನೊಂದು ಬೇಕೆಂದಾದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗುತ್ತದೆ. ಅಗತ್ಯವಾದ ಅಂಕ ಬಂದ ಮೇಲೂ ನೆಮ್ಮದಿಯಿಲ್ಲದೆ ಮತ್ತೆ ಮಾದರಿ ಪರೀಕ್ಷೆ, ಮತ್ತೆ ಕೋಚಿಂಗ್, ಮತ್ತೆ ಇನ್ನೊಬ್ಬರ ಅಭಿಪ್ರಾಯವೆಂದು ಅಲೆಯುವ ವಿದ್ಯಾರ್ಥಿ ಸಿಲುಕಿರುವುದು ಈ ಅನವಸ್ಥೆಯಲ್ಲಿಯೇ. ಆದರೆ ವ್ಯಾಸತೀರ್ಥರ ದ್ವೈತದರ್ಶನವು ಅಂತರಂಗದ ನಿರ್ಣಯವೇ ಸಾಕೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅದು ಸಾಕ್ಷಿಯೆಂದು ಕರೆಯುವ ಒಳಗಣ ಅರಿವು ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ತಾನೇ ಗ್ರಹಿಸುತ್ತದೆ. ಸಂಶಯ ಬಂದೆಡೆಯಲ್ಲಿ ಪರೀಕ್ಷೆಯ ನೆರವನ್ನೂ ಪಡೆಯುತ್ತದೆ. ಹೀಗೆ ಪರೀಕ್ಷೆಯ ಕೆಲಸ ಅಡ್ಡಬಂದ ಸಂಶಯವನ್ನು ನೀಗಿಸುವುದೇ ಹೊರತು ಇಲ್ಲದ ಪ್ರಾಮಾಣ್ಯವನ್ನು ಹುಟ್ಟಿಸುವುದಲ್ಲ.

ಸಂಶಯವೆಂದು ತೋರುವುದೆಲ್ಲ ಸಂಶಯವಾಗಿರುವುದಿಲ್ಲ. ಎಷ್ಟೋ ಸಲ ಅದು ಬರಿಯ ಅಂಜಿಕೆ. 1892ರಲ್ಲಿ ಮೈಸೂರಿಗೆ ಬಂದು ಹತ್ತನೆಯ ಚಾಮರಾಜ ಒಡೆಯರ ಆತಿಥ್ಯ ಪಡೆದಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಸೆಪ್ಟೆಂಬರ್ 11ರಂದು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಬೆಳಗಿನ ಹೊತ್ತು ಮಾತನಾಡಲು ಧೈರ್ಯ ಸಾಲದೆ ಕುಳಿತಿದ್ದುದನ್ನೂ, ಎದೆ ಹೊಡೆದುಕೊಂಡು ನಾಲಗೆ ಒಣಗಿದ್ದುದನ್ನೂ, ಕಡೆಗೆ ಸರಸ್ವತಿಗೆ ವಂದಿಸಿ ವೇದಿಕೆಯೇರಿದುದನ್ನೂ ತಮ್ಮ ಶಿಷ್ಯ ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಕಲ್ಕತ್ತೆಯ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿಯೇ ಓದಿದ್ದ ಅವರಿಗೆ ಆ ಭಾಷೆ ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ನ್ಯಾಯಸೂತ್ರವು ವಾದದಲ್ಲಿ ಸೋಲಿಗೆ ಕಾರಣವಾಗುವ ನಿಗ್ರಹಸ್ಥಾನಗಳನ್ನು ಎಣಿಸುವಾಗ ವಿಷಯವೇ ತಿಳಿಯದಿರುವ ಅಜ್ಞಾನವನ್ನೂ ಉತ್ತರ ಹೊಳೆಯದಿರುವ ಅಪ್ರತಿಭೆಯನ್ನೂ ಬೇರೆಬೇರೆಯಾಗಿ ಹೇಳಿರುವುದು ಇಲ್ಲಿ ನೆನೆಯತಕ್ಕದ್ದು. ಎರಡನೆಯದನ್ನು ಮೊದಲನೆಯದೆಂದು ಬಗೆಯುವುದೇ ಅನೇಕರ ಅಧೈರ್ಯಕ್ಕೆ ಮೂಲ.

ಶಂಕರಾಚಾರ್ಯರು ಬೇರೊಂದು ದಾರಿಯಿಂದ ಇದೇ ತಪ್ಪನ್ನು ಗುರುತಿಸುತ್ತಾರೆ. ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವ ಅಧ್ಯಾಸಕ್ಕೆ ಅವರು ಕೊಡುವ ನಿದರ್ಶನಗಳಲ್ಲಿ, ಇಂದ್ರಿಯದ ಕೊರತೆಯನ್ನು ತನ್ನದೆಂದು ಭಾವಿಸಿ ‘ನಾನು ಮೂಕ’ ಎಂದುಕೊಳ್ಳುವುದೂ ಸೇರಿದೆ. ಭಾಷೆಯೂ ಒಂದು ಕರಣ, ಎಂದರೆ ಕೆಲಸದ ಸಾಧನ. ಅದರಲ್ಲಿನ ಕೊರತೆಯನ್ನು ಬುದ್ಧಿಯ ಕೊರತೆಯೆಂದು ತಿಳಿಯುವವನು ತನ್ನನ್ನು ತಾನೇ ಮೂಕನನ್ನಾಗಿ ಮಾಡಿಕೊಳ್ಳುತ್ತಾನೆ.

ಹಾಗೆಂದು ಎಲ್ಲ ಸಂಶಯವೂ ನಿರಾಧಾರವಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007–08ರಲ್ಲಿ. ಹೀಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಮಾತ್ರ ಓದಿ, ವಿಜ್ಞಾನವನ್ನೂ ಗಣಿತವನ್ನೂ ಕನ್ನಡದಲ್ಲಿ ಕಲಿತವನಿಗೆ ವಿದೇಶದ ಅಧ್ಯಾಪಕರ ವೇಗದ ಉಚ್ಚಾರಣೆ ಕಿವಿಗೆ ಹತ್ತದಿರಬಹುದು. ಇಂಥಲ್ಲಿ ಸಂಶಯವು ನಿರ್ದಿಷ್ಟವಾಗಬೇಕು. ಒಂದು ಗಂಟೆಯ ಉಪನ್ಯಾಸವನ್ನು ಕೇಳಿ ಸಾರಾಂಶ ಬರೆಯಲು, ಎರಡು ಪುಟಗಳಲ್ಲಿ ವಾದವೊಂದನ್ನು ಕಟ್ಟಲು, ಸಿದ್ಧತೆಯಿಲ್ಲದ ಪ್ರಶ್ನೆಗೆ ಉತ್ತರಿಸಲು ಆಗುತ್ತದೆಯೇ ಎಂದು ಬೇರೆಬೇರೆಯಾಗಿ ನೋಡಿದರೆ ಯಾವುದಕ್ಕೆ ಅಭ್ಯಾಸ ಬೇಕೆಂಬುದು ತಿಳಿಯುತ್ತದೆ. ‘ಇಂಗ್ಲಿಷ್ ಬರುವುದಿಲ್ಲ’ ಎಂಬ ಒಟ್ಟು ಮಾತಿಗೆ ಪರೀಕ್ಷೆಯೂ ಇಲ್ಲ, ಪರಿಹಾರವೂ ಇಲ್ಲ.

ಕಡೆಗೆ ಉಳಿಯುವ ಆಕ್ಷೇಪವೆಂದರೆ, ಪರದೇಶದಲ್ಲಿ ಇಂಗ್ಲಿಷ್ ನಿಜವಾಗಿ ಸಾಕೇ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯುವುದರಿಂದ ಈಗಿನ ವಿಶ್ವಾಸಕ್ಕೆ ಬೆಲೆಯೇನು ಎಂಬುದು. ನೈಯಾಯಿಕರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪ್ರವೃತ್ತಿಗೆ ಪ್ರಾಮಾಣ್ಯದ ನಿಶ್ಚಯ ಮೊದಲೇ ಬೇಕಿಲ್ಲ, ಸಂಶಯವಿದ್ದರೂ ಮನುಷ್ಯನು ಕಾರ್ಯಕ್ಕೆ ತೊಡಗಬಹುದು ಎಂಬುದು ಅವರ ನಿಲುವು. ನಿಶ್ಚಯವು ಒಳಗಿನಿಂದ ಬರುತ್ತದೆಯೋ ಫಲದಿಂದ ಬರುತ್ತದೆಯೋ ಎಂಬಲ್ಲಿ ವ್ಯಾಸತೀರ್ಥರಿಗೂ ನೈಯಾಯಿಕರಿಗೂ ಒಮ್ಮತವಿಲ್ಲದಿದ್ದರೂ, ಪೂರ್ಣ ನಿಶ್ಚಯವಾಗುವವರೆಗೆ ಕೈಕಟ್ಟಿ ಕೂರಬೇಕೆಂದು ಇಬ್ಬರೂ ವಿಧಿಸುವುದಿಲ್ಲ. ಕಂಡ ದೋಷವನ್ನು ತಿದ್ದಿಕೊಳ್ಳಲು ಸಿದ್ಧವಿರುವ, ಕಾಣದ ದೋಷಕ್ಕಾಗಿ ಹೆಜ್ಜೆ ಹಿಂತೆಗೆಯದ ಮನಃಸ್ಥಿತಿಗೇ ವಿಶ್ವಾಸವೆಂಬ ಹೆಸರು ಸಲ್ಲುತ್ತದೆ.