ಜ್ಞಾನವೂ ಜೀವದಯೆಯೂ

ಹಾಲೆಂಡಿನ ತತ್ತ್ವಜ್ಞಾನಿ ಸ್ಪಿನೋಜಾ (1632–1677) ಮಸೂರಗಳನ್ನು ಉಜ್ಜಿ ಸರಳವಾಗಿ ಜೀವಿಸಿದನು. ರಾಗದ್ವೇಷಗಳಿಗೆ ವಶನಾದವನೇ ದಾಸನು, ಅವುಗಳ ಕಾರಣವನ್ನರಿತವನೇ ಸ್ವತಂತ್ರನು ಎಂಬ ಅವನ ವಿಚಾರವು, ಕಷಾಯಗಳನ್ನು ಬಂಧಕಾರಣವೆನ್ನುವ ಜೈನರಿಗೆ ಆಪ್ತವೆನಿಸುತ್ತದೆ. ಮರಣಾನಂತರ 1677ರಲ್ಲಿ ಪ್ರಕಟವಾದ ಅವನ ‘ಎಥಿಕ್ಸ್’ ಗ್ರಂಥವು ಮುಂದೆ ಐನ್‌ಸ್ಟೈನರಂಥ ವಿಜ್ಞಾನಿಗಳಿಗೂ ಪ್ರಿಯವಾಯಿತು.

ಆದರೆ ಪ್ರಾಣಿಗಳಿಗೂ ಸಂವೇದನೆಯುಂಟೆಂದು ಒಪ್ಪಿದ ಆ ಗ್ರಂಥವೇ, ಅವುಗಳ ಸ್ವಭಾವವು ಬೇರೆಯಾದುದರಿಂದ ಮನುಷ್ಯನು ಅವನ್ನು ಇಚ್ಛೆಯಂತೆ ಬಳಸಬಹುದೆಂದಿತು. ಪ್ರಾಣಿವಧೆಯ ನಿಷೇಧವನ್ನು ಮೂಢನಂಬಿಕೆಯೆಂದಿತು.

ಸ್ವಭಾವ ಬೇರೆಯಾದರೆ ನೋವು ಇಲ್ಲವಾದೀತೇ? ಸಲಗರೆಯ ಹೊಲದಲ್ಲಿ ನೊಗಹೊತ್ತ ಎತ್ತು ನಮ್ಮಂತೆ ತರ್ಕಿಸದು. ಬಾರುಕೋಲಿನ ಪೆಟ್ಟು ಅದಕ್ಕೂ ನೋವೇ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನಗಳೊಡನೆ ಸಮ್ಯಕ್ಚಾರಿತ್ರವೂ ಕೂಡಿದಾಗಲೇ ಮೋಕ್ಷಮಾರ್ಗವೆಂದು ಉಮಾಸ್ವಾಮಿ ಆಚಾರ್ಯರು ಬೋಧಿಸಿದರು. ಪರರ ನೋವನ್ನು ಅರಿತೂ ಕೈ ತಡೆಯದವನ ಜ್ಞಾನವು ಅಪೂರ್ಣವೇ ಸರಿ.