ಕಾಣದವನಿಗೊಂದು ಕೆಟ್ಟ ಹೆಸರು

ಮೊನ್ನೆ ಮೊಮ್ಮಗ ಹಿಮಾಲಯದ ಯೇತಿಯ ಚಿತ್ರ ಬರೆದು ತಂದ. ಕೋರೆಹಲ್ಲು, ಕೆಂಡದಂಥ ಕಣ್ಣು. "ಇಷ್ಟು ಕೆಟ್ಟವನೇನೋ ಅವನು?" ಎಂದೆ. "ಇಂಗ್ಲಿಷಿನಲ್ಲಿ ಅವನ ಹೆಸರೇ ಅಸಹ್ಯ ಹಿಮಮಾನವ ಅಂತ, ಅಜ್ಜಿ" ಎಂದ.

ಆ ಹೆಸರು ಹುಟ್ಟಿದ್ದು 1921ರಲ್ಲಿ. ಎವರೆಸ್ಟಿಗೆ ದಾರಿ ಹುಡುಕಲು ಹೋದ ಬ್ರಿಟಿಷರ ತಂಡಕ್ಕೆ ಹಿಮದಲ್ಲಿ ದೊಡ್ಡ ಹೆಜ್ಜೆಗಳು ಕಂಡವು. ತೋಳದ್ದಿರಬೇಕೆಂದು ನಾಯಕ ಹೊವರ್ಡ್-ಬರಿಯ ಊಹೆ. ಹಿಮದ ಕಾಡುಮನುಷ್ಯನದೆಂದು ಹೊರೆಯಾಳುಗಳ ಮಾತು. ಅವರು ಹೇಳಿದ ಹೆಸರನ್ನು ನ್ಯೂಮನ್ ಎಂಬ ಪತ್ರಕರ್ತ ಇಂಗ್ಲಿಷಿಗೆ ತರುವಾಗ 'ಅಬಾಮಿನಬಲ್' ಎಂದುಬಿಟ್ಟ. ಅದು ಸರಿಯಾದ ಅರ್ಥವಲ್ಲವೆಂದು ಆಮೇಲೆ ತಾನೇ ಒಪ್ಪಿಕೊಂಡ. ಅಷ್ಟರಲ್ಲಿ ಹೆಸರು ಲೋಕವೆಲ್ಲ ಸುತ್ತಿತ್ತು. ಯೇತಿಯದೆಂದು ಕಾಪಾಡಿಟ್ಟಿದ್ದ ಒಂಬತ್ತು ಅವಶೇಷಗಳ ಡಿಎನ್‌ಎ ಪರೀಕ್ಷೆಯ ಫಲ 2017ರಲ್ಲಿ ಬಂತು: ಎಂಟು ಕರಡಿಯವು, ಒಂದು ನಾಯಿಯದು! ಆದರೂ ಹೆಸರು ಅಳಿಯಲಿಲ್ಲ.

ನಮ್ಮ ಬೀದಿಯ ಒಬ್ಬ ಸೊಸೆಗೂ ಹೀಗೇ 'ಜಂಬದವಳು' ಎಂದು ಹೆಸರು ಬಿದ್ದಿತ್ತು. ಯಾರು ಕರೆದರೂ ಅರಿಶಿನ ಕುಂಕುಮಕ್ಕೆ ಬರುತ್ತಿರಲಿಲ್ಲ. ಅವಳ ಅತ್ತೆ ತೀರಿಕೊಂಡ ದಿನ ಮೊದಲ ಸಲ ಆ ಮನೆಯೊಳಗೆ ಹೋದೆ. ಹಾಸಿಗೆ ಹಿಡಿದ ಮುದುಕಿಯನ್ನು ಆರು ವರ್ಷ ಒಬ್ಬಳೇ ನೋಡಿಕೊಂಡಿದ್ದಳು. ಅರ್ಧ ಗಂಟೆ ಬಿಟ್ಟು ಬರುವಂತಿರಲಿಲ್ಲ.

ಹೆಸರಿಟ್ಟವಳು ನಾನಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲೇ? ನ್ಯೂಮನ್ ಬರೆದದ್ದು ಒಂದು ಸಲ. ನೂರು ವರ್ಷ ಅದನ್ನು ಹೊತ್ತು ತಿರುಗಿದ್ದು ಉಳಿದವರ ಬಾಯಿ. ಇಟ್ಟವರು ಒಬ್ಬರಾದರೆ ಉಳಿಸಿದವರು ನೂರು ಜನ. ನಾನು ಆ ನೂರರಲ್ಲಿ ಒಬ್ಬಳು.

ಈಗ ಅವಳು ಕರೆದಲ್ಲಿಗೆಲ್ಲ ಬರುತ್ತಾಳೆ. ನಗುನಗುತ್ತಾ ನನಗೂ ಕುಂಕುಮ ಹಚ್ಚುತ್ತಾಳೆ. ತಪ್ಪಾಯಿತಮ್ಮ ಎನ್ನಲು ನನಗೇ ಇನ್ನೂ ಬಾಯಿ ಬಂದಿಲ್ಲ.