ಕಂಡವನ ಹೊಣೆ

ಮೂಳೆವೈದ್ಯಕ್ಕೆ ‘ಆರ್ಥೊಪೆಡಿಕ್ಸ್’ ಎಂಬ ಹೆಸರು ಬಂದುದು 1741ರಲ್ಲಿ. ಫ್ರಾನ್ಸ್ ದೇಶದ ನಿಕೊಲಾ ಆಂದ್ರಿ ಎಂಬ ವೈದ್ಯನು ಗ್ರೀಕ್ ಭಾಷೆಯ ‘ನೇರ’ ಮತ್ತು ‘ಮಗು’ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಅದನ್ನು ರಚಿಸಿದನು. ಡೊಂಕಾದ ಎಳೆಮರವೊಂದನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಬಿಗಿದ ಚಿತ್ರವೊಂದು ಆತನ ಗ್ರಂಥದಲ್ಲಿದೆ. ಉಪಾಧ್ಯಾಯರಾದ ನಮಗೆ ಆ ಚಿತ್ರವು ನಮ್ಮದೇ ಎನಿಸುವುದು ಸಹಜ. ನನಗಾದರೋ ಅದನ್ನು ಕಂಡಾಗಲೆಲ್ಲ ದೃಷ್ಟಿಯು ಮರದ ಮೇಲೆ ನಿಲ್ಲದೆ ಹಗ್ಗದ ಮೇಲೆ ನಿಲ್ಲುತ್ತದೆ. ಅದಕ್ಕೆ ಕಾರಣವಿದೆ.

ಕಾಸರಗೋಡು ಸೀಮೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಮಧ್ಯಾಹ್ನ ಮೂರನೆಯ ತರಗತಿಯ ಹುಡುಗನೊಬ್ಬನು ಗೇರುಮರದಿಂದ ಬಿದ್ದನು. ಮೊಣಕೈಯ ಮೇಲ್ಭಾಗದಲ್ಲಿ ಮೂಳೆ ಮುರಿದಿತ್ತು. ಮನೆಯವರು ನಾಟಿವೈದ್ಯರಲ್ಲಿಗೆ ಕರೆದೊಯ್ದರು. ಅವರು ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿ ಕಳುಹಿದರು. ಸಂಜೆ ನಾನು ನೋಡಲು ಹೋದೆ. ಹುಡುಗನ ಬೆರಳುಗಳು ಊದಿ ಬಿಳಿಚಿದ್ದವು, ಮುಟ್ಟಿದರೆ ತಣ್ಣಗಿದ್ದವು. ಮಡಚಿದ ಬೆರಳೊಂದನ್ನು ನಾನು ಮೆಲ್ಲನೆ ಬಿಡಿಸಲು ಹೋದಾಗ ಅವನು ಚೀರಿದನು. ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುತ್ತಿತ್ತು. “ಕಟ್ಟಿದ ಮೇಲೆ ನೋವಿರುವುದೇ ಅಲ್ಲವೇ ಮಾಸ್ಟ್ರೇ, ನಾಳೆಗೆ ಸರಿಯಾಗುತ್ತದೆ” ಎಂದರು ಅಜ್ಜಿ. ನಾನು ಚಾ ಕುಡಿದು ಮನೆಗೆ ಬಂದೆ.

ಅಂದು ನನಗೆ ತಿಳಿಯದಿದ್ದುದನ್ನು ಆಮೇಲೆ ಓದಿ ತಿಳಿದೆ. ಏಟು ಬಿದ್ದ ತೋಳಿನಲ್ಲಿ ಮಾಂಸಖಂಡವು ಊದುತ್ತದೆ. ಅದನ್ನು ಸುತ್ತಿರುವ ಪೊರೆಯು ಹಿಗ್ಗದು. ಮೇಲಿನ ಕಟ್ಟೂ ಹಿಗ್ಗದಿದ್ದರೆ ಒಳಗಿನ ಒತ್ತಡ ಏರಿ ರಕ್ತವು ಒಳನುಗ್ಗಲಾರದು. ಇಂಥ ಸ್ಥಿತಿ ಆರು ಗಂಟೆಗಳಷ್ಟು ನಡೆದರೆ ಮಾಂಸ ಸಾಯತೊಡಗುತ್ತದೆ. ಸತ್ತ ಮಾಂಸವು ನಾರಾಗಿ ಕುಗ್ಗಿ ಬೆರಳುಗಳನ್ನು ಕೊಕ್ಕೆಯಂತೆ ಎಳೆದಿಡುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ನನು ಇದನ್ನು ವರ್ಣಿಸಿದುದು 1881ರಲ್ಲಿ. ಕಟ್ಟನ್ನು ಕೂಡಲೆ ಬಿಚ್ಚಬೇಕು. ಅಷ್ಟಕ್ಕೂ ಇಳಿಯದಿದ್ದರೆ ಪೊರೆಯನ್ನು ಸೀಳಿ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಬೇಕು. ಆ ಸಂಜೆ ಇನ್ನೂ ಹೊತ್ತಿತ್ತು. ಮಂಗಳೂರು ದೂರವಿರಲಿಲ್ಲ.

ನಾನು ಮಾತಾಡದಿದ್ದುದಕ್ಕೆ ನನ್ನೊಳಗೆ ಕೊಟ್ಟುಕೊಂಡ ಕಾರಣ ವಿನಯದ್ದು: ನಾನು ವೈದ್ಯನಲ್ಲ, ಅವರು ಹಿರಿಯರು, ಎಷ್ಟೋ ಕೈಗಳನ್ನು ಕಟ್ಟಿ ಸರಿಪಡಿಸಿದವರು. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಶಸ್ತ್ರಚಿಕಿತ್ಸೆ ಬೇಕೆಂದು ನಿಶ್ಚಯಿಸುವುದು ಬೇರೆ, ಬೇಕಾಗಬಹುದೆಂದು ಶಂಕಿಸುವುದು ಬೇರೆ. ಮೊದಲನೆಯದಕ್ಕೆ ವರ್ಷಗಟ್ಟಲೆ ಓದಬೇಕು, ಎಕ್ಸ್‌ರೇ ನೋಡಬೇಕು. ಎರಡನೆಯದಕ್ಕೆ ಬೇಕಾದುದು ಕಣ್ಣು ಮತ್ತು ಕೈ. ಮೂಳೆ ಚರ್ಮವನ್ನು ಹರಿದು ಹೊರಬಂದುದು, ಬಿದ್ದ ವೃದ್ಧೆಯ ಕಾಲು ಗಿಡ್ಡವಾಗಿ ಹೊರಮಗ್ಗುಲಿಗೆ ತಿರುಗಿ ಬಿದ್ದಿರುವುದು, ಬೆರಳುಗಳು ತಣ್ಣಗಾದುದು, ಇವನ್ನು ಕಾಣಲು ಯಾವ ಪದವಿ ಬೇಕು? ನನಗಿಲ್ಲದ ಮೊದಲನೆಯ ಜ್ಞಾನವನ್ನು ಮುಂದೊಡ್ಡಿ, ನನಗಿದ್ದ ಎರಡನೆಯದನ್ನು ನಾನು ಬಚ್ಚಿಟ್ಟೆ. ಅದನ್ನು ವಿನಯವೆಂದು ಕರೆಯಲು ಈಗ ನಾಲಗೆ ಏಳದು.

ಹಾಗೆಂದು ಕಂಡಲ್ಲೆಲ್ಲ ಕೂಗುವುದು ಧರ್ಮವೇ? ಅದನ್ನೂ ಮಾಡಿ ನೋಡಿದೆ. ನನ್ನ ತಾಯಿಗೆ ಮೊಣಕಾಲಿನ ಸವೆತ. ಹುಡುಗನ ವಿಷಯದಲ್ಲಿ ತಪ್ಪಿದವನು ಇಲ್ಲಿ ತಪ್ಪಬಾರದೆಂದು, ಕೀಲು ಬದಲಿಸಿಕೊಳ್ಳಿರೆಂದು ಅವರನ್ನು ಎಡೆಬಿಡದೆ ಕಾಡಿದೆ. ಕೊನೆಗೆ ವೈದ್ಯರಲ್ಲಿಗೆ ಹೋದಾಗ ಅವರು ನನ್ನನ್ನು ಏನೂ ಕೇಳಲಿಲ್ಲ. ಎಷ್ಟು ದೂರ ನಡೆಯುತ್ತೀರಿ, ನೋವಿನಿಂದ ರಾತ್ರಿ ಎಚ್ಚರವಾಗುತ್ತದೆಯೇ ಎಂದು ತಾಯಿಯನ್ನೇ ಕೇಳಿದರು. “ಬಾವಿಕಟ್ಟೆಗೂ ದೇವಸ್ಥಾನಕ್ಕೂ ಹೋಗಿ ಬರುತ್ತೇನೆ, ನಿದ್ದೆಗೆ ತೊಂದರೆಯಿಲ್ಲ” ಎಂದರು ತಾಯಿ. ಹಾಗಿದ್ದರೆ ವ್ಯಾಯಾಮ, ಊರುಗೋಲು, ಬೇಕಾದಾಗ ಮಾತ್ರೆ. ಸಾಲದೆ ಬಂದಾಗ ನೀವೇ ಹೇಳಿ ಎಂದರು ವೈದ್ಯರು. ಎರಡು ವರ್ಷಗಳ ಬಳಿಕ ಒಂದು ಬೆಳಗ್ಗೆ ತಾಯಿ ತಾವಾಗಿಯೇ “ಇನ್ನು ಆಗದು ಮಗಾ” ಎಂದರು. ಸವೆದ ಮೊಣಕಾಲು ಕಾಯಬಲ್ಲದು; ಅದರ ನೋವಿನ ಅಳತೆ ನೋಯುವವರ ಕೈಯಲ್ಲಿದೆ. ಎಂಟು ವರ್ಷದ ಮಗುವಿನ ಬಿಗಿದ ತೋಳು ಕಾಯದು, ಮಗುವಿಗೆ ತನ್ನ ಪರವಾಗಿ ವಾದಿಸಲೂ ಬಾರದು. ಎರಡು ಕಡೆಯೂ ನಾನು ಸ್ಥಳ ತಪ್ಪಿ ನಿಂತೆ.

ಆ ಹುಡುಗನಿಗೆ ಮುಂದೆ ಶಸ್ತ್ರಚಿಕಿತ್ಸೆಯಾಯಿತು. ಬೆರಳು ಸ್ವಲ್ಪ ಬಿಡಿಸಿತು. ಈಗ ಎಡಗೈಯಲ್ಲಿ ಬರೆಯುತ್ತಾನೆ. ಅಕ್ಷರ ಚೆನ್ನಾಗಿದೆ.

ಕಟ್ಟಿದ ಕೈಯೊಂದಿಗೆ ಯಾವ ಮಗು ಶಾಲೆಗೆ ಬಂದರೂ ನಾನೀಗ ಮೊದಲು ಬೆರಳು ಮುಟ್ಟುತ್ತೇನೆ, ಉಗುರನ್ನು ಒತ್ತಿ ಬಿಟ್ಟು ಕೆಂಪು ಮರಳುವುದೇ ಎಂದು ನೋಡುತ್ತೇನೆ, ಅಂಗೈ ಬಿಡಿಸೆನ್ನುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿಯ ಬೆರಳು ತಣ್ಣಗೆ ಕಂಡಿತು. ತಾಯಿಯನ್ನು ಕರೆಸಿ, ಅವರು ಬೇಡವೆಂದರೂ ಆಟೋದಲ್ಲಿ ಆಸ್ಪತ್ರೆಗೆ ಕಳುಹಿಸಿದೆ. ಕಟ್ಟು ಸರಿಯಾಗಿಯೇ ಇತ್ತಂತೆ. ಮಳೆಯಲ್ಲಿ ನೆನೆದು ಕೈ ತಣ್ಣಗಾಗಿತ್ತು. ಆ ತಾಯಿ ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.